ಹಳೇ ಸಾಲ, ಹೊಸ ಬೆದರಿಕೆ: ಹೆಬ್ಬೆಟ್ಟು ಒತ್ತಬೇಡಿ!



ಹಿರಿಯೂರು ತಾಲ್ಲೂಕಿನ ಆದಿವಾಲದ ರೈತನಿರಲಿ, ಬೆಂಗಳೂರಿನ ಆಟೋ ಚಾಲಕನಿರಲಿ, ಹತ್ತು ವರ್ಷದ ಹಿಂದಿನ ಸಾಲವೆಂದು ವಸೂಲಿ ಏಜೆಂಟ್ ಇಂಗ್ಲಿಷ್ ಕಾಗದ ಹಿಡಿದು ಬಾಗಿಲಿಗೆ ಬಂದರೆ ಹೆದರಬೇಡಿ. ಮೊದಲು ಲೆಕ್ಕ ಕೇಳಿ, ಅದೂ ಕನ್ನಡದಲ್ಲಿ! ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಪತ್ರ ವ್ಯವಹಾರ ನಡೆಸಬೇಕೆಂದು ಹಣಕಾಸು ಕಂಪನಿಗಳಿಗೆ ರಿಸರ್ವ್ ಬ್ಯಾಂಕೇ ವಿಧಿಸಿದೆ. ಇದು ಭಿಕ್ಷೆಯಲ್ಲ, ಹಕ್ಕು.

1963ರ ಕಾಲಮಿತಿ ಕಾಯ್ದೆಯಂತೆ ಅಡಮಾನವಿಲ್ಲದ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷ ಮಾತ್ರ. ಅಷ್ಟರೊಳಗೆ ಸಾಲ ಒಪ್ಪಿ ಸಹಿ ಹಾಕಿದರೆ ಎಣಿಕೆ ಮತ್ತೆ ಮೊದಲಿನಿಂದ ಶುರು. ಅವಧಿ ಮುಗಿದ ಮೇಲೂ ‘ಕೊಡುತ್ತೇನೆ’ ಎಂದು ಬರೆದು ಸಹಿ ಮಾಡಿದರೆ ಸತ್ತ ಸಾಲ ಎದ್ದು ಕೂರುತ್ತದೆ! ‘ಐನೂರು ಕಟ್ಟಿ, ಇಲ್ಲೊಂದು ಸಹಿ ಹಾಕಿ’ ಎಂಬ ಸಿಹಿಮಾತಿನ ಗುಟ್ಟು ಇದೇ.

‘ಈ ಸಾಲ ನಾನು ಒಪ್ಪಿಲ್ಲ, ಮೂಲಪತ್ರ, ಕಂತಿನ ಲೆಕ್ಕ ಕೊಡಿ’ ಎಂದು ಸ್ಪೀಡ್ ಪೋಸ್ಟ್‌ನಲ್ಲಿ ಬರೆಯಿರಿ, ರಸೀದಿ ಇಟ್ಟುಕೊಳ್ಳಿ. ಕಿರುಸಾಲದ ಕಿರುಕುಳಕ್ಕೆ 10 ವರ್ಷದವರೆಗೆ ಜೈಲೆಂದು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ಸುಮ್ಮನೆಯೇ?

ನಿಜವಾದ ಸಾಲ ತೀರಿಸೋಣ. ಆದರೆ ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಗುಲಾಮಗಿರಿ ಇನ್ನು ಸಾಕು!