ದೋಣಿ ನೆಟ್ಟಗಿರಲಿ, ಎಣಿಕೆ ಆಮೇಲೆ

ನೌಕಾಸನದ ಬಗ್ಗೆ ನನಗೆ ಅನಿಸಿದ್ದನ್ನು ಇಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ.

2015ರಿಂದ ಪ್ರತಿ ವರ್ಷ ಜೂನ್ 21ರಂದು ಯೋಗ ದಿನ ನಡೆಯುತ್ತದೆ. ನಮ್ಮ ಶಾಲೆಯಲ್ಲಿ ಅವತ್ತು ಸ್ಪರ್ಧೆಯೂ ಇರುತ್ತದೆ. ನೌಕಾಸನದಲ್ಲಿ ಯಾರು ಹೆಚ್ಚು ಹೊತ್ತು ಇರುತ್ತಾರೋ ಅವರಿಗೆ ಮೊದಲ ಬಹುಮಾನ.

ಈ ವರ್ಷ ಅದು ನನಗೇ ಬಂತು. ಸ್ಟೀಲ್ ಲೋಟ ಕೊಟ್ಟರು, ಎಲ್ಲರೂ ಚಪ್ಪಾಳೆ ತಟ್ಟಿದಿರಿ. ಆದರೆ ನಿಜ ಹೇಳಿಬಿಡ್ತೀನಿ. ಎಣಿಕೆ ಇಪ್ಪತ್ತು ದಾಟುವಷ್ಟರಲ್ಲಿ ನನ್ನ ಬೆನ್ನು ಗೂನಾಗಿತ್ತು. ಉಸಿರು ಬಿಗಿ ಹಿಡಿದು ಹಲ್ಲು ಕಚ್ಚಿಕೊಂಡಿದ್ದೆ. ಕಾಲು ನೆಲದಿಂದ ಒಂದು ಗೇಣು ಮಾತ್ರ ಮೇಲಿತ್ತು. ಸಂಜೆ ಬಿಂದಿಗೆ ಎತ್ತಲು ಬಗ್ಗಿದರೆ ಸೊಂಟ ಹಿಡಿದುಕೊಂಡಿತು. "ಲೋಟ ತಂದ್ಯೋ, ಸೊಂಟನೋವು ತಂದ್ಯೋ?" ಅಂತ ಅವ್ವ ಬೈದು ಶಾಖ ಕೊಟ್ಟಳು.

ನನ್ನ ಪಕ್ಕದಲ್ಲಿದ್ದ ಏಳನೇ ತರಗತಿಯ ತಂಗಿ ಮಾತ್ರ ಬೆನ್ನು ನೆಟ್ಟಗಿಟ್ಟು ಕೂತಿದ್ದಳು. ಹದಿನೈದು ಎಣಿಸಿದಾಗ ನಿಧಾನವಾಗಿ ಕಾಲು ಇಳಿಸಿದಳು. ಅವಳಿಗೆ ಏನೂ ಸಿಗಲಿಲ್ಲ. ಇದು ನ್ಯಾಯವೇ?

ಆಮೇಲೆ ನಾನು ಯೋಗದ ಪುಸ್ತಕ ಓದಿದೆ, ಪಿ.ಟಿ. ಮೇಷ್ಟ್ರನ್ನೂ ಕೇಳಿದೆ. ಸರಿಯಾದ ಕ್ರಮ ಹೀಗಿದೆ. ಮೊದಲು ಕಾಲು ನೀಡಿ ನೆಟ್ಟಗೆ ಕೂರಬೇಕು. ಮೊಣಕಾಲು ಮಡಚಿ, ತೊಡೆಯ ಹಿಂಭಾಗ ಹಿಡಿದು, ಸ್ವಲ್ಪ ಹಿಂದಕ್ಕೆ ವಾಲಿ ಪಾದ ಎತ್ತಬೇಕು. ಭಾರ ಕೂರುವ ಎರಡು ಮೂಳೆಗಳ ಮೇಲಿರಬೇಕು, ಬೆನ್ನುಮೂಳೆಯ ತುದಿಯ ಮೇಲೆ ಬೀಳಬಾರದು. ಎದೆ ಎತ್ತಿರಬೇಕು. ಹೊಸಬರು ಮೊಣಕಾಲು ಮಡಚಿಯೇ ಇರಲಿ, ಪಾದವನ್ನು ಗೋಡೆಗೆ ಒತ್ತಿಕೊಂಡರೂ ಅವಮಾನವಿಲ್ಲ. ಬೆನ್ನು ಬಾಗದಿದ್ದರೆ ಮಾತ್ರ ಕಾಲು ನೀಡಿ, ಕೈಗಳನ್ನು ಮುಂದಕ್ಕೆ ಚಾಚಬೇಕು. ಪಕ್ಕದಿಂದ ನೋಡಿದರೆ ಇಂಗ್ಲಿಷಿನ 'ವಿ' ಅಕ್ಷರದಂತೆ ಕಾಣಬೇಕು. ಉಸಿರು ಸಲೀಸಾಗಿ ಆಡುತ್ತಿರಬೇಕು. ಮೂರರಿಂದ ಐದು ಉಸಿರಿನಷ್ಟು ಹೊತ್ತು ಸಾಕು.

ಹೊಟ್ಟೆಯ ಸ್ನಾಯುಗಳು ಸೋತ ಮೇಲೂ ಹಟ ಹಿಡಿದರೆ ತೊಡೆಸಂದಿನ ಸ್ನಾಯುಗಳು ಸೊಂಟವನ್ನು ಜಗ್ಗುತ್ತವೆ. ನನಗೆ ಆಗಿದ್ದು ಅದೇ. ಬಿಸಿಯೂಟ ಆದ ಕೂಡಲೇ ಇದನ್ನು ಮಾಡಬೇಡಿ. ಬೆನ್ನುನೋವು, ಹರ್ನಿಯಾ ಇದ್ದವರಿಗೆ ಬೇಡವೇ ಬೇಡ.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಚಿಕ್ಕಂದಿನಲ್ಲಿ ಬಹಳ ರೋಗಿಷ್ಠರಾಗಿದ್ದರು. ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು ಜಗತ್ತಿಗೇ ಗುರುವಾದರು. ಆಸನದಲ್ಲಿ ಮೈ ಸರಿಯಾದ ನೇರದಲ್ಲಿ ಇರಬೇಕು ಎಂಬುದೇ ಅವರ ದೊಡ್ಡ ಪಾಠ. ಮೈ ಬಗ್ಗದವರಿಗೆ ಹಗ್ಗ, ಬೆಲ್ಟ್, ಮರದ ದಿಮ್ಮಿ ಕೊಟ್ಟು ಕಲಿಸುತ್ತಿದ್ದರು. ಅವರ ನಾಡಿನ ಮಕ್ಕಳಾದ ನಾವು ಬರೀ ಸೆಕೆಂಡು ಎಣಿಸಿದರೆ ಹೇಗೆ?

"ಸೆಕೆಂಡು ಎಣಿಸಿದರೆ ತಕರಾರು ಬರಲ್ಲ" ಅಂತ ಕೆಲವರು ಹೇಳ್ತಾರೆ. ಸರಿ, ಎಣಿಸೋಣ. ಆದರೆ ಒಬ್ಬರು ಎಣಿಸಲಿ, ಇನ್ನೊಬ್ಬರು ಪಕ್ಕದಲ್ಲಿ ಕೂತು ಬೆನ್ನು ನೋಡಲಿ. ಬೆನ್ನು ಬಾಗಿದ ಕೂಡಲೇ ಎಣಿಕೆ ನಿಲ್ಲಲಿ. ಕಬಡ್ಡಿಯಲ್ಲಿ ಗೆರೆ ದಾಟಿದರೆ ಔಟ್ ಅಲ್ಲವೇ? ಇದೂ ಹಾಗೇ. ಮುಂದಿನ ವರ್ಷದಿಂದ ಹೀಗೆ ಮಾಡಬೇಕೆಂದು ಗುರುಗಳಲ್ಲಿ ನನ್ನ ವಿನಂತಿ.

ಇನ್ನು ಆ ಲೋಟ. ಗುರುಗಳು ಒಪ್ಪಿದರೆ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಅದನ್ನು ಆ ತಂಗಿಯ ಕೈಗೆ ಕೊಡುತ್ತೇನೆ. ನೀವೆಲ್ಲ ಇನ್ನೊಂದು ಸಲ ಚಪ್ಪಾಳೆ ತಟ್ಟಬೇಕು.

— ಒಂಬತ್ತನೇ ತರಗತಿಯ ವಿದ್ಯಾರ್ಥಿನಿ