ಕಡೀಕ ಉಂಡಾಕಿ

ಕಬ್ಬಿನ ಹಂಗಾಮು ಶುರುವಾಯ್ತಂದ್ರ ನಮ್ಮ ಉಗಾರ ಖುರ್ದದಾಗ ರಾತ್ರಿಯೆಲ್ಲಾ ಫ್ಯಾಕ್ಟರಿ ಕಡೆ ಟ್ರ್ಯಾಕ್ಟರ್ ಸಾಲು. ನಿದ್ದಿ ಎಲ್ಲಿಂದ ಬರಬೇಕು? ಮೊನ್ನೆ ಅತ್ತಿಯವರನ್ನೂ ಕೂಡಿಸಿಕೊಂಡು ಲುಕಿನೋ ವಿಸ್ಕೊಂಟಿಯ ‘ಒಸ್ಸೆಸ್ಸಿಯೋನೆ’ ನೋಡಿದೆ. 1943ರ ಇಟಾಲಿಯನ್ ಸಿನಿಮಾ. ಪೋ ನದಿ ಬಯಲಿನ ರಸ್ತೆಬದಿ ಖಾನಾವಳಿ. ಒಡತಿ ಜೊವಾನ್ನಾ, ದಾರಿಹೋಕ ಜೀನೋ ಜೊತೆ ಸೇರಿ ವಯಸ್ಸಾದ ಗಂಡನನ್ನು ಕೊಲ್ಲುತ್ತಾಳೆ. ಮುಸೊಲಿನಿ ಕಾಲದವರಿಗೆ ಇದು ಸೇರಲಿಲ್ಲ. ನೆಗೆಟಿವ್ ನಾಶವಾಗಿ, ವಿಸ್ಕೊಂಟಿ ಉಳಿಸಿಕೊಂಡ ಪ್ರತಿಯಿಂದ ಸಿನಿಮಾ ಉಳಿಯಿತು.

ನನಗೆ ಕೊಲೆಗಿಂತ ಕಾಡಿದ್ದು ಅಡುಗೆಮನೆ. ರಾತ್ರಿ ಗಿರಾಕಿಗಳೆಲ್ಲ ಹೋದ ಮೇಲೆ, ಮುಸುರೆ ಪಾತ್ರೆಗಳ ರಾಶಿ ನಡುವೆ ಒಬ್ಬಳೇ ತಟ್ಟೆಗೆ ಬಡಿಸಿಕೊಂಡು, ಪೇಪರ್ ಓದುತ್ತ, ನಾಲ್ಕು ತುತ್ತು ತಿನ್ನೋದ್ರಾಗ ಕೂತಲ್ಲೇ ತೂಕಡಿಸ್ತಾಳ. ಅಪರಾಧದ ಕಥೆಯಲ್ಲಿ ಇದಕ್ಕೆಲ್ಲ ಯಾರು ಜಾಗ ಕೊಡ್ತಾರೆ? ನಮ್ಮ ಶಂಕರ್ ನಾಗ್ ‘ಆಕ್ಸಿಡೆಂಟ್’ನಲ್ಲಿ (1985) ಕೊಟ್ಟಿದ್ದರು. ಅಲ್ಲಿ ರಾಜಕಾರಣಿ ಮಗನ ಕಾರಿಗಿಂತ, ಅದರಡಿ ಸಿಕ್ಕ ಫುಟ್‌ಪಾತ್ ಮಂದಿಯೇ ನನಗೆ ನೆನಪು.

“ಪಾಪ, ಎಲ್ಲಾರಿಗೂ ಬಡಿಸಿ ಕಡೀಕ ಉಂಡಾಕಿ,” ಅಂದ್ರು ಅತ್ತಿ. ನಾನು ಜೊವಾನ್ನಾ ಪರ ಇನ್ನೂ ನಾಲ್ಕು ಮಾತು ಸೇರಿಸಿದೆ. ಅವರು ತಿರುಗಿ ನೋಡಿದರು.

“ಅದಕ್ಕಂತ ಕೊಲ್ಲೂದೇನವ್ವಾ?”