ಬೀಡಿಯ ಚಟ ರಕ್ತದಲ್ಲೇ ಬರುತ್ತದೆಯೇ?



ಈ ಸಲ ಬಂದ ಕಾಗದಗಳಲ್ಲಿ ಬಂಟ್ವಾಳದ ಕಡೆಯ ತಾಯಿಯೊಬ್ಬರ ಪತ್ರ ನನ್ನನ್ನು ಎರಡು ದಿನ ಬಿಡಲಿಲ್ಲ. ಮಾವನವರು ಬೀಡಿ ಸೇದಿ ಸೇದಿ, ಕೆಮ್ಮಿ ಕೆಮ್ಮಿ ತೀರಿಹೋದವರು. ಯಜಮಾನರಿಗೆ ದಿನಕ್ಕೆ ಎರಡು ಕಟ್ಟು ಬೇಕೇ ಬೇಕು. ಈಗ ಪಿಯುಸಿ ಓದುವ ಮಗನ ಅಂಗಿ ಒಗೆಯುವಾಗಲೂ ಅದೇ ವಾಸನೆ! "ನಮ್ಮ ಗಂಡಸರ ರಕ್ತದಲ್ಲೇ ಉಂಟು, ನೀನು ಅತ್ತರೆ ಆಗುವುದೆಂತ?" ಅನ್ನುತ್ತಾರಂತೆ ಅತ್ತೆ. ಸಾಲದ್ದಕ್ಕೆ ಇನ್ನೊಂದು ಸಂಕಟ. ಮಗನ ಫೀಸು ತೆತ್ತದ್ದೇ ಇವರು ಬೀಡಿ ಕಟ್ಟಿದ ದುಡ್ಡಿನಿಂದ.

ಬೆಳ್ತಂಗಡಿ, ಮೂಡುಬಿದಿರೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊಟದ ಪಾತ್ರೆ ತೊಳೆದಿಟ್ಟು, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು, ಎಲೆ ಕತ್ತರಿಸಿ, ಹುಡಿ ತುಂಬಿ, ನೂಲು ಸುತ್ತಿ, ಬ್ರಾಂಚಿಗೆ ಕೊಟ್ಟು ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟು ಮಂದಿ! ಆ ದುಡಿಮೆಯನ್ನು ತಪ್ಪೆನ್ನಲು ನನಗಂತೂ ಬಾಯಿ ಬಾರದು.

ಅತ್ತೆಯವರ ಮಾತು ಪೂರಾ ಸುಳ್ಳಲ್ಲ. ವಿಜ್ಞಾನಿಗಳು ಅವಳಿ ಮಕ್ಕಳನ್ನು ಹೋಲಿಸಿ ನೋಡಿದ್ದಾರೆ. ಒಂದೇ ಅಂಡದಿಂದ ಹುಟ್ಟಿ ಗುರುತು ಹಿಡಿಯಲಾಗದಷ್ಟು ಒಂದೇ ತರಹ ಇರುವ ಅವಳಿಗಳು ಈ ಚಟದಲ್ಲೂ ಹೆಚ್ಚು ಹೋಲುತ್ತಾರೆ. ಬೇರೆ ಬೇರೆ ಅಂಡದವರು ಅಷ್ಟಾಗಿ ಹೋಲರು. ಒಬ್ಬರಿಗೆ ನಿಕೋಟಿನ್ ಗಟ್ಟಿಯಾಗಿ ಅಂಟಿ, ಇನ್ನೊಬ್ಬರಿಗೆ ಅಂಟದಿರುವ ವ್ಯತ್ಯಾಸದಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಗಳದ್ದು ಎಂಬುದು ಅವರ ಲೆಕ್ಕ.

ಹೇಗೆ ಅಂದಿರಾ? ನಮ್ಮ ಲಿವರಿನಲ್ಲಿ ನಿಕೋಟಿನನ್ನು ಒಡೆಯುವ ಕಿಣ್ವವೊಂದಿದೆ. ಕೆಲವರಲ್ಲಿ ಅದು ಹುಟ್ಟಿನಿಂದಲೇ ಚುರುಕು. ಸೇದಿದ್ದು ಬೇಗ ಕರಗಿ, ಬೇಗನೇ ಇನ್ನೊಂದು ಬೇಕೆನಿಸುತ್ತದೆ. ಅದು ನಿಧಾನವಾಗಿರುವವರಿಗೆ ಕಡಿಮೆ ಸಾಕು, ಬಿಡುವುದೂ ತುಸು ಸುಲಭ. ಇನ್ನು ಮಿದುಳಿನಲ್ಲಿ ನಿಕೋಟಿನ್ ಹೋಗಿ ಕೂರುವ ಜಾಗಗಳಿವೆ. ಅವುಗಳನ್ನು ರೂಪಿಸುವ ಒಂದು ವಂಶವಾಹಿ 15ನೆಯ ವರ್ಣತಂತುವಿನಲ್ಲಿದೆ. ಅದರಲ್ಲಿ ಸಣ್ಣದೊಂದು ಬದಲಾವಣೆ ಇರುವವರು, ಸೇದುವವರಾದರೆ, ಹೆಚ್ಚು ಸೇದುತ್ತಾರೆ ಎಂದು 2008ರಲ್ಲಿ ಪ್ರಕಟವಾಯಿತು.

'ಸೇದುವವರಾದರೆ' ಎಂಬ ಮಾತಿಗೆ ಅಡಿಗೆರೆ ಎಳೆದುಕೊಳ್ಳಿ. ಈ ತಾಯಿಗೆ ಒಬ್ಬ ಮಗಳೂ ಇದ್ದಾಳೆ. ಅಪ್ಪ, ಅಜ್ಜನ ವಂಶವಾಹಿಗಳು ಅವಳಿಗೂ ಬಂದಿರಬೇಕಲ್ಲ? (ಅಳಿಯಸಂತಾನದಲ್ಲಿ ಆಸ್ತಿ ಹೆಣ್ಣಿನ ಸಂತಾನಕ್ಕೆ ಹೋಗುತ್ತಿತ್ತು, ನಿಜ, ವಂಶವಾಹಿ ಮಾತ್ರ ತಂದೆ ತಾಯಿ ಇಬ್ಬರಿಂದಲೂ ಬರುವಂಥದು!) ಆದರೂ ಅವಳು ಸೇದುವುದಿಲ್ಲ. ಅವಳ ಕೈಗೆ ಬೀಡಿ ಕೊಟ್ಟವರಿಲ್ಲ, ಗುಡ್ಡೆಯ ಮರೆಯಲ್ಲಿ 'ಒಂದು ಎಳೆದು ನೋಡು' ಅಂದ ಗೆಳತಿಯರಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ಗಂಡಸರಲ್ಲಿ 100ಕ್ಕೆ 19 ಮಂದಿ ಧೂಮಪಾನಿಗಳು, ಹೆಂಗಸರಲ್ಲಿ ಇಬ್ಬರೇ. ರಕ್ತವೇ ಎಲ್ಲವೂ ಆಗಿದ್ದರೆ ಇಷ್ಟು ಅಂತರ ಇರುತ್ತಿತ್ತೇ?

ಆದ್ದರಿಂದ ಬಂಟ್ವಾಳದ ಸೋದರಿ, ಮಗನನ್ನು ಹೊಡೆಯಬೇಡಿ, ಅತ್ತು ರಂಪ ಮಾಡಬೇಡಿ. "ನಿನ್ನ ಗೆಳೆಯ ವಾರಕ್ಕೊಂದು ಸೇದಿ ಬಿಟ್ಟಾನು. ಅಪ್ಪನನ್ನು ನೋಡಿದರೆ ನಿನ್ನದು ಬೇಗ ಅಂಟುವ ಮೈ ಇರಬಹುದು ಮಗಾ" ಎಂದು ಕೂರಿಸಿಕೊಂಡು ಹೇಳಿ. ಕಟ್ಟಿದ ಬೀಡಿ ಎಣಿಸಿ ಬೀಗದೊಳಗಿಡಿ. ಅಪ್ಪನ ಬೀಡಿ ತರಲು ಮಗನನ್ನು ಅಂಗಡಿಗೆ ಕಳಿಸುವುದು ಇಂದಿಗೇ ನಿಲ್ಲಲಿ. 2003ರ ಕಾನೂನಿನಲ್ಲಿ 18 ತುಂಬದವರಿಗೆ ಮಾರುವಂತಿಲ್ಲ ಎಂದಿತ್ತು, ಕರ್ನಾಟಕದಲ್ಲಿ ಈಗ 21 ತುಂಬದವರಿಗೆ ಮಾರುವಂತಿಲ್ಲ.

ಯಜಮಾನರು ಮೂರು ಸಲ ಬಿಟ್ಟು ಮತ್ತೆ ಹಿಡಿದರು, ಮನಸ್ಸು ಗಟ್ಟಿಯಿಲ್ಲ ಎಂದು ಬರೆದಿದ್ದೀರಿ. ಹಾಗೆ ಹಂಗಿಸಬೇಡಿ. ಚಟ ಗಟ್ಟಿಯಾಗಿ ಅಂಟುವ ಮೈಯವರಿಗೆ ಬರೀ ಮನಸ್ಸು ಸಾಲದು, ಮದ್ದೂ ಬೇಕಾದೀತು. ಡಾಕ್ಟರರನ್ನು ಕೇಳಿ ನಿಕೋಟಿನ್ ಗಮ್ ತೆಗೆದುಕೊಳ್ಳಬಹುದು. ಅದನ್ನು ಎಲೆಅಡಿಕೆಯ ಹಾಗೆ ಜಗಿಯುತ್ತಲೇ ಇರಬಾರದು. ನಾಲ್ಕಾರು ಸಲ ಜಗಿದು, ನಾಲಿಗೆ ಚುರುಗುಟ್ಟಿದಾಗ ಕೆನ್ನೆಯ ಬದಿಗೆ ಒತ್ತಿಡಬೇಕು. ಮೊದಲ ಒಂದೆರಡು ವಾರ ಸಿಡಿಮಿಡಿ ಇದ್ದದ್ದೇ. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ರೇಗಿದರೆ ಸುಮ್ಮನಿದ್ದುಬಿಡಿ. ತಂಬಾಕು ಬಿಡುವವರಿಗಾಗಿ 1800-11-2356 ಎಂಬ ಸಹಾಯವಾಣಿ ಇದೆ, ಕರೆಗೆ ಕಾಸಿಲ್ಲ.

ಇನ್ನು ನೀವು. ಹುಡಿಯ ನಿಕೋಟಿನ್ ಚರ್ಮದಿಂದಲೂ ಒಳಗೆ ಇಳಿಯುತ್ತದೆ. ಕಟ್ಟಿ ಎದ್ದವರು ಸಾಬೂನು ಹಾಕಿ ಕೈ ತೊಳೆದೇ ಅನ್ನ ಕಲಸಿ. ತೊಟ್ಟಿಲ ಹತ್ತಿರ ತಡ್ಪೆ ಬೇಡ. ಮಗ ಏನೆಂದ, ಬರೆಯಿರಿ.